ನಂಜಕ್ಕನ ದನಿ ಹಳ್ಳ ದಾಟಿದ್ದು

ನಮ್ಮೂರಿನ ಹಳ್ಳ ಅಂಥ ದೊಡ್ಡದೇನಲ್ಲ. ಬೇಸಿಗೆಯಲ್ಲಿ ಸೀರೆಯ ನೆರಿಗೆ ಸ್ವಲ್ಪ ಎತ್ತಿ ಹಿಡಿದರೆ ನಡೆದೇ ದಾಟಬಹುದು. ಆದರೆ ಕಂಪ್ಯೂಟರು ದಾಟುವುದಿಲ್ಲ. ದಾಟುತ್ತದೆ ಅನ್ನಿ, ಬೆಳಗಾಗುವಷ್ಟರಲ್ಲಿ ಬೇರೆಯದೇ ಆಗಿರುತ್ತದೆ. ಹಳ್ಳದ ಈಚೆ ಮೂಡಲಕೇರಿಯಲ್ಲಿ ಕಂಪ್ಯೂಟರುಗಳೆಲ್ಲ ಒಂದು ಆಪರೇಟಿಂಗ್ ವ್ಯವಸ್ಥೆಯಲ್ಲಿ ಏಳುತ್ತವೆ, ಆಚೆ ಪಡುವಲಕೇರಿಯಲ್ಲಿ ಇನ್ನೊಂದರಲ್ಲಿ. ಇಲ್ಲಿಯದನ್ನು ಎತ್ತಿಕೊಂಡು ಹೋಗಿ ಅಲ್ಲಿ ಒಂದು ರಾತ್ರಿ ಇಟ್ಟರೆ ಬೆಳಿಗ್ಗೆ ಅದು ಅಲ್ಲಿಯದಾಗಿಯೇ ಕಣ್ಣು ಬಿಡುತ್ತದೆ. ನಾವು ಹಾಕಿಕೊಟ್ಟ ಪ್ರೋಗ್ರಾಮುಗಳು ಒಳಗೇ ಇರುತ್ತವೆ, ಎಷ್ಟು ಒತ್ತಿದರೂ ತೆರೆಯುವುದಿಲ್ಲ. ಯಾಕೆ ಹೀಗೆ ಎಂದು ಕೇಳುವವರು ಹೊರಗಿನವರು. ನಾವು ಕೇಳುವುದಿಲ್ಲ. ಜಾತಕ ಹೊಂದಿಸುವ ಪ್ರೋಗ್ರಾಮು ನಮ್ಮ ಕಡೆ ಮಾತ್ರ ಓಡುವುದರಿಂದ ಗಂಡಿನವರು ಪಡುವಲಕೇರಿಯವರಾದರೂ ಜಾತಕ ಹಿಡಿದು ಇಲ್ಲಿಗೇ ಬರುತ್ತಾರೆ. ಲಗ್ನಪತ್ರಿಕೆಯಲ್ಲಿ ಚಿತ್ರ ಕೂರಿಸುವುದು ಅವರ ಕಡೆ ಚೆನ್ನಾಗಿ ಬರುವುದರಿಂದ ಅಚ್ಚು ಹಾಕಿಸಲು ನಾವು ಅಲ್ಲಿಗೆ ಹೋಗುತ್ತೇವೆ. ನಡುವೆ ಒಂದು ಕಾಲುಸೇತುವೆ, ಅದರ ಈಚೆ ತುದಿಯಲ್ಲಿ ಫಣೀಂದ್ರನ ರಿಪೇರಿ ಅಂಗಡಿ. ಇಷ್ಟರಲ್ಲೇ ಊರು ನೆಮ್ಮದಿಯಾಗಿತ್ತು.

ಆ ನೆಮ್ಮದಿ ಕೆಡಿಸಿದವಳು ನಮ್ಮ ಪಕ್ಕದ ಮನೆಯ ನಂಜಕ್ಕ. ಪೂರ್ತಿ ಹೆಸರು ಪುಟ್ಟನಂಜಮ್ಮ. ಮೂವತ್ತು ವರ್ಷ ಬೀದಿ ತುದಿಯಲ್ಲಿ ಸೊಪ್ಪು ಮಾರಿದವಳು. ದಂಟು, ಕೀರೆ, ಸಬ್ಬಸಿಗೆ ಎಂದು ಅವಳು ಕೂಗಿದರೆ ಹಳ್ಳದಾಚೆಯ ಹೆಂಗಸರು ಚೀಲ ಹುಡುಕುತ್ತಿದ್ದರು. ನಮ್ಮಿಬ್ಬರ ಮನೆಗೆ ನಡುಗೋಡೆ ಒಂದೇ, ಹಿತ್ತಲೂ ಒಂದೇ, ಹಿತ್ತಲಲ್ಲಿ ಬಟ್ಟೆ ಒಣಗಿಸುವ ಹಗ್ಗವೂ ಒಂದೇ. ಆ ಹಗ್ಗದ ಯಾವ ಅರ್ಧ ಯಾರದು ಎಂದು ನಾವು ಇಪ್ಪತ್ತೆರಡು ವರ್ಷ ಜಗಳವಾಡಿದ್ದೇವೆ. ಸುಮ್ಮನೆ ಹೇಳುತ್ತಿಲ್ಲ, ದಿನಾ. ನಮ್ಮನೆಯವರು ತಿಂಗಳಿಗೆ ನಾಲ್ಕು ಮಾತು ಆಡುವ ಗಂಡಸು, ಅದರಲ್ಲಿ ಎರಡು 'ಉಪ್ಪು ಕಮ್ಮಿ'. ನನ್ನ ಬಾಯಿಗೂ ಏನಾದರೂ ಕೆಲಸ ಬೇಡವೇ?

ಅಂಥವಳ ಗಂಟಲಲ್ಲಿ ಗಡ್ಡೆ ಬಂತು. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು ಡಾಕ್ಟರು. ಫಣೀಂದ್ರ ಅವಳ ಸೊಪ್ಪು ತಿಂದೇ ಬೆಳೆದವನು, ಈಗ ನಲವತ್ತರ ಹತ್ತಿರ ಬಂದಿದ್ದಾನೆ. ಆಪರೇಷನ್ನಿಗೆ ಮುಂಚೆ ಇಪ್ಪತ್ತು ದಿನ ಅವಳ ಮುಂದೆ ಮೈಕು ಇಟ್ಟುಕೊಂಡು ಕೂತ. ಒಂದು ಪಟ್ಟಿ ಮಾಡಿ ಒಂದೊಂದೇ ಮಾತು ಹೇಳಿಸಿದ. ಎರಡನೇ ದಿನಕ್ಕೇ ಅವಳಿಗೆ ಪಟ್ಟಿ ಬೇಜಾರಾಗಿ ತನ್ನದೇ ಸೇರಿಸಿದಳು. 'ಥೂ ನಿನ್ನ', 'ಹೋಗೇ ಸಾಕು', ಒಂದು ದೊಡ್ಡ ಆಕಳಿಕೆ, ಒಂದು ನಗು. ಆ ನಗು ಯಾವಾಗಿನದು ಅಂತೀರಿ? ನಾನು ಹಿತ್ತಲಲ್ಲಿ ಸೋಪಿನ ನೀರಿನ ಮೇಲೆ ಕಾಲಿಟ್ಟು ಜಾರಿ ಬಿದ್ದಾಗಿನದು. 'ಊಟ' ಎಂಬ ಮಾತಿನ ಹಿಂದೆ ನಮ್ಮನೆಯ ಕುಕ್ಕರ್ ಕೂಗಿದ್ದೂ ಹಾಗೇ ಉಳಿದುಕೊಂಡಿದೆ. ಅದನ್ನೆಲ್ಲ ಸೇರಿಸಿ ಫಣೀಂದ್ರ ಒಂದು ಪ್ರೋಗ್ರಾಮು ಬರೆದ. ಅವಳು ಕೀಬೋರ್ಡಿನಲ್ಲಿ ಏನು ಒತ್ತಿದರೂ ಅದು ಅವಳದೇ ದನಿಯಲ್ಲಿ ಹೇಳುತ್ತಿತ್ತು. ಆಸ್ಪತ್ರೆಯಿಂದ ಬಂದ ಮೂರನೇ ವಾರ ನಂಜಕ್ಕ ಕಂಪ್ಯೂಟರಿನ ಮೇಜನ್ನು ಹಿತ್ತಲ ಕಿಟಕಿಗೆ ಎಳೆಸಿಕೊಂಡು, ಒಂದೇ ಬೆರಳಲ್ಲಿ ಒತ್ತಿ ಒತ್ತಿ, "ಲೇ ಶೀಲಿ, ನಿನ್ನ ಗಂಡನ ಲುಂಗಿ ನನ್ನ ಕಡೆ ಬಂದಿದೆ" ಎಂದಳು. ನನ್ನ ಹೆಸರು ಜಯಶೀಲ. ಶೀಲಿ ಅನ್ನುವವಳು ಅವಳೊಬ್ಬಳೇ. ನಾನು ಒಳಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಹೊರಗೆ ಬಂದು ಜಗಳ ಆಡಿದೆ.

ಹೀಗಿರುವಾಗ ಅವಳ ಮಗಳು ಸುಗುಣ ಬಂದಳು. ಸುಗುಣ ಪಡುವಲಕೇರಿಗೆ ಮದುವೆಯಾಗಿ ಹೋದವಳು, ಅಲ್ಲೇ ಆಸ್ಪತ್ರೆಯಲ್ಲಿ ನರ್ಸು. ಮಗು ತನ್ವಿಗೆ ಎಂಟು ತಿಂಗಳು, ಇವಳ ರಜೆ ಮುಗಿದಿತ್ತು.

"ಅಮ್ಮ, ಬಂದು ನಮ್ಮನೇಲೇ ಇರು. ಪಾಪೂನ ನಿನ್ನ ಬಿಟ್ಟು ಇನ್ಯಾರ ಕೈಗೆ ಕೊಡ್ಲಿ?" ಎಂದಳು.

ನಂಜಕ್ಕ ಒತ್ತಿದಳು. "ಮಾತಿಲ್ದೆ ಬರಲ್ಲ. ಎತ್ಕೊಂಡು ಸುಮ್ನೆ ತೂಗೋಕೆ ನಾನೇನು ತೊಟ್ಟಿಲಾ?"

ಪ್ರೋಗ್ರಾಮು ನಮ್ಮ ಕಡೆಯದು ತಾನೇ. ಹಳ್ಳ ದಾಟಿದರೆ ತೆರೆಯುವುದಿಲ್ಲ. ಅಮ್ಮ ಮಗಳು ಇಬ್ಬರೂ ಫಣೀಂದ್ರನ ಅಂಗಡಿಗೆ ಹೋದರು. ನನ್ನನ್ನು ಯಾರೂ ಕರೆಯಲಿಲ್ಲ, ನಾನೂ ಹೋದೆ.

ಫಣೀಂದ್ರ ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡು ಹೇಳಿದ. "ನೋಡಿ ನಂಜಕ್ಕ, ದಾರಿ ಇಲ್ಲ ಅಂತಿಲ್ಲ. ಡಿಸ್ಕನ್ನ ಎರಡು ಪಾಲು ಮಾಡಿ ಒಂದರಲ್ಲಿ ಅವರ ವ್ಯವಸ್ಥೆ, ಒಂದರಲ್ಲಿ ನಮ್ಮದು ಹಾಕ್ಬೋದು. ಆನ್ ಮಾಡುವಾಗ ಯಾವ್ದು ಬೇಕು ಅಂತ ಅದೇ ಕೇಳತ್ತೆ."

ಹಾಗೇ ಮಾಡಿಕೊಟ್ಟ. ಸುಗುಣನ ಮನೆಯಲ್ಲಿ ಅದು ಮೊದಲ ದಿನ ಸಂಜೆಯವರೆಗೆ ಸೊಗಸಾಗಿ ಕೇಳಿತು. ಮಾರನೇ ದಿನ ಕೇಳುವುದನ್ನೇ ಬಿಟ್ಟು ನೇರವಾಗಿ ಅವರದರಲ್ಲೇ ಎದ್ದಿತು. ಪಾಲಾಗಿದ್ದ ನಮ್ಮ ಅರ್ಧ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಆಗ ಫಣೀಂದ್ರ ಇನ್ನೊಂದು ಹೇಳಿದ. ನಮ್ಮ ವ್ಯವಸ್ಥೆಯನ್ನು ಒಯ್ಯುವುದೇ ಬೇಡ, ನಡುವೆ ಒಬ್ಬ ದುಭಾಷಿಯನ್ನು, ಅಂದರೆ ಇನ್ನೊಂದು ಪ್ರೋಗ್ರಾಮನ್ನೇ, ಕೂರಿಸೋಣ. ನಮ್ಮ ಪ್ರೋಗ್ರಾಮು ತನ್ನ ಮಾತಿನಲ್ಲಿ ಕೇಳಿದ್ದನ್ನು ಅವನು ಅವರ ಮಾತಿಗೆ ತಿರುಗಿಸಿ ಕೆಲಸ ಮಾಡಿಸುತ್ತಾನೆ, ಪ್ರೋಗ್ರಾಮಿಗೆ ತಾನು ಊರು ಬಿಟ್ಟದ್ದೇ ತಿಳಿಯುವುದಿಲ್ಲ ಎಂದ. ಅದು ಸರಾಗವಾಗಿ ಓಡಿತು. ಒತ್ತಿದ ತಕ್ಷಣ ಮಾತು ಬಂತು. ಆದರೆ ದನಿ ನಂಜಕ್ಕನದಲ್ಲ. ದುಭಾಷಿ ಕಡತವೆಲ್ಲ ತಿರುಗಿಸಿದವನು ದನಿಯ ಕಡತ ತನಗೆ ಅರ್ಥವಾಗದೆ ಆ ಕಡೆಯ ಕಂಪ್ಯೂಟರಿನದೇ ಒಂದು ದನಿಯನ್ನು ಎತ್ತಿಕೊಟ್ಟಿದ್ದ. ಯಾವುದೋ ಶೋರೂಮಿನ ಹುಡುಗಿ ಮಾತಾಡಿದ ಹಾಗೆ ನಯವಾಗಿ, "ಥೂ ನಿನ್ನ" ಎಂದಿತು. ಮಗು ಅಜ್ಜಿಯ ತೊಡೆಯಿಂದ ಇಳಿದು ತೆವಳಿಕೊಂಡು ಹೋಯಿತಂತೆ. ನಂಜಕ್ಕ ಮೂರು ದಿನ ಮುಖ ಊದಿಸಿಕೊಂಡಿದ್ದಳು.

ಮೂರನೆಯದು ಮನೆಯೊಳಗೊಂದು ಮನೆ. ಅವರ ಕಂಪ್ಯೂಟರಿನ ಒಳಗೇ ಒಂದು ಪುಟ್ಟ ಸುಳ್ಳು ಕಂಪ್ಯೂಟರು ಕಟ್ಟಿ, ಅದರೊಳಗೆ ನಮ್ಮ ವ್ಯವಸ್ಥೆಯನ್ನು ಕೂರಿಸುವುದು. ಹೊರಗಿನದಕ್ಕೆ ಬೆಳಗಾದರೂ ಒಳಗಿನದಕ್ಕೆ ಬೆಳಗಾಗುವುದಿಲ್ಲ ಎಂದ ಫಣೀಂದ್ರ, ಅವನ ಮಾತು ಸುಳ್ಳಾಗಲಿಲ್ಲ. ದನಿಯೂ ಅಪ್ಪಟ ಅವಳದೇ. ಏನಂದರೆ ಒಂದು ಕಂಪ್ಯೂಟರು ಇಬ್ಬರ ಕೆಲಸ ಹೊತ್ತು ಏದುಸಿರು ಬಿಡುತ್ತಿತ್ತು. ಒತ್ತಿ, ಕೂತು, ಸೆರಗು ಸರಿಮಾಡಿಕೊಂಡು, ಆಮೇಲೆ ಮಾತು. "ಪಾಪು, ಅದನ್ನ ಬಾಯಿಗೆ ಹಾಕ್ಬೇಡ" ಎಂದು ದನಿ ಬರುವ ಹೊತ್ತಿಗೆ ಮಗು ಚಪ್ಪಲಿಯ ತುದಿ ಚೀಪಿ ಮುಗಿಸಿ ಬೇರೆ ಕೆಲಸಕ್ಕೆ ಹೋಗಿರುತ್ತಿತ್ತು.

"ಅವರ ವ್ಯವಸ್ಥೆಗೇ ಹೊಸದಾಗಿ ಬರೀತೀನಿ ಅಂದ್ರೆ ಆರು ತಿಂಗಳು ಬೇಕು. ನನಗೆ ಆ ಕಡೇದು ಬರಲ್ಲ, ಮೊದಲಿಂದ ಕಲೀಬೇಕು" ಎಂದ ಫಣೀಂದ್ರ.

"ಆರು ತಿಂಗ್ಳಿಗೆ ಪಾಪು ನಡೀತಾಳೆ" ಎಂದಳು ಸುಗುಣ. ಅವಳ ಕಣ್ಣು ತುಂಬಿತ್ತು.

ಕೊನೆಗೆ ಉಳಿದದ್ದು ಒಂದೇ. ಕಂಪ್ಯೂಟರು ಇಲ್ಲೇ, ನಂಜಕ್ಕನ ಮನೆಯಲ್ಲೇ ಇರಲಿ. ಸೇತುವೆಯ ಕೆಳಗೆ ಒಂದು ಕೇಬಲ್ ಎಳೆದು, ಸುಗುಣನ ಮನೆಯ ಪರದೆಯ ಮೇಲೆ ಇದನ್ನು ಕಾಣಿಸುವುದು. ಅಲ್ಲಿ ಒತ್ತಿದ್ದು ಇಲ್ಲಿ ಮಾತಾಗಿ, ಆ ಮಾತು ವಾಪಸು ಅಲ್ಲಿ ಕೇಳಬೇಕು. ಹಚ್ಚಿ ನೋಡಿದರು. ಚಿಟಿಕೆ ಹೊಡೆದಷ್ಟು ಹೊತ್ತಿಗೆ ನಂಜಕ್ಕ, ನಂಜಕ್ಕನದೇ ದನಿಯಲ್ಲಿ, ಹಳ್ಳದಾಚೆ ಕೂತು ಮಗುವನ್ನು ಬೈದಳು. ಮಗು ಕಿಲಕಿಲ ನಕ್ಕಿತು. ಒಂದೇ ತೊಡಕು. ಈ ಮನೆಯ ಕಂಪ್ಯೂಟರನ್ನು ಬೆಳಿಗ್ಗೆ ಆನ್ ಮಾಡಲು, ಕರೆಂಟು ಹೋಗಿ ಬಂದಾಗ ಮತ್ತೆ ಎಬ್ಬಿಸಲು ಒಬ್ಬರು ಬೇಕು. ಎಲ್ಲರೂ ನನ್ನ ಮುಖ ನೋಡಿದರು. ನಂಜಕ್ಕ ಮಾತ್ರ ನೋಡಲಿಲ್ಲ. ಬೀಗದ ಕೈ ತೆಗೆದು ಫಣೀಂದ್ರನ ಕೈಗೆ ಕೊಟ್ಟಳು, ಅವನು ನನಗೆ ಕೊಟ್ಟ.

ಮೊದಲ ದಿನ ಆರು ಗಂಟೆಗೆ ಸ್ವಿಚ್ ಹಾಕಿ ಬಂದೆ. ಒಂಬತ್ತಕ್ಕೆ ಧೂಳು ಹೊಡೆಯೋಣ ಎಂದು ಹೋಗಿ ಕಿಟಕಿ ತೆರೆಯುತ್ತಿದ್ದೇನೆ, ಬೆನ್ನ ಹಿಂದೆ, "ಬಾಯಿ ತೆಗಿ ಚಿನ್ನ, ಇನ್ನೊಂದು ತುತ್ತು" ಎಂದಳು ನಂಜಕ್ಕ. ಜೀವ ಬಾಯಿಗೆ ಬಂತು. ತಿರುಗಿ ನೋಡಿದರೆ ಖಾಲಿ ಕುರ್ಚಿ. ಬೀಗ ಹಾಕಿದ ಮನೆಯಲ್ಲಿ ಕೇಳುವವರು ಯಾರಿದ್ದಾರೆ ಎಂದು ಫಣೀಂದ್ರ ಇಲ್ಲಿಯ ಸ್ಪೀಕರನ್ನು ಆರಿಸಿರಲೇ ಇಲ್ಲ. ಅಲ್ಲಿ ಅವಳು ಒತ್ತಿದ್ದೆಲ್ಲ ಇಲ್ಲೂ ಕೇಳುತ್ತಿತ್ತು. ನಾಳೆ ಹೇಳೋಣ ಎಂದುಕೊಂಡೆ. ಆ ನಾಳೆ ಎರಡು ತಿಂಗಳು ಬರಲಿಲ್ಲ. ಸುಳ್ಳು ಯಾಕೆ ಹೇಳಲಿ, ನಾನೇ ಬರಗೊಡಲಿಲ್ಲ.

ನಾನು ಹಪ್ಪಳ ಮಾಡಿ ಮಾರುವವಳು. ಮಣೆ, ಲಟ್ಟಣಿಗೆ, ಹಿಟ್ಟು ಎಲ್ಲ ಎತ್ತಿಕೊಂಡು ಬಂದು ನಂಜಕ್ಕನ ನಡುಮನೆಯಲ್ಲೇ ಲಟ್ಟಿಸತೊಡಗಿದೆ. ಅವಳ ಮಾತು ಮಾತ್ರ ಕೇಳುತ್ತಿತ್ತು, ಎದುರಿನವರದು ಕೇಳುತ್ತಿರಲಿಲ್ಲ. "ಅಯ್ಯೋ ಅದಕ್ಕೆ ಯಾಕೆ ಅಳ್ತೀಯ" ಎಂದರೆ ಸುಗುಣನ ಅತ್ತೆ ಏನಾದರೂ ಅಂದಿರಬೇಕು ಎಂದು ನಾನೇ ತುಂಬಿಕೊಳ್ಳುತ್ತಿದ್ದೆ. "ಬೇಡ, ನಾಳೆ ಮಾಡು" ಎಂದರೆ ಏನನ್ನು ಎಂದು ಅರ್ಧ ದಿನ ತಲೆ ಕೆಡಿಸಿಕೊಳ್ಳುತ್ತಿದ್ದೆ. ಖಾಲಿ ಕುರ್ಚಿಗೆ ಉತ್ತರವನ್ನೂ ಕೊಡುತ್ತಿದ್ದೆ. ನನ್ನ ವಿಷಯವೂ ಬರುತ್ತಿತ್ತು. "ಶೀಲಿ ಹುಳಿ ಮಾಡ್ತಾಳಲ್ಲ, ಆ ಹದ ನಿನಗೆ ಬರಲ್ಲ ಬಿಡು" ಎಂದು ಒಂದು ದಿನ ಮಗಳಿಗೆ ಹೇಳಿದಳು. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲ ನನ್ನ ಎದುರಿಗೆ ಅಂದಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಅವತ್ತು ಹಪ್ಪಳವೆಲ್ಲ ಡೊಂಕಾದವು.

ಇನ್ನೊಂದು ಮಧ್ಯಾಹ್ನ ಮಗು ಮಲಗಿತ್ತೇನೋ, ಬೇರೆ ಯಾರೂ ಇದ್ದಂತಿರಲಿಲ್ಲ. ಬಹಳ ಹೊತ್ತು ಬಿಟ್ಟು ಬಿಟ್ಟು ಮಾತು ಬಂತು. "ನಿನ್ನ ಅಜ್ಜಿ ಹತ್ರ ಇರೋದು ಒಂದೇ ನಗು ಕಣೇ ಪಾಪು. ಎಲ್ಲದಕ್ಕೂ ಅದೇ ಹಾಕ್ಬೇಕು." ಆಮೇಲೆ, "ಶೀಲಿ ಒಂದಿನ ಸ್ವಿಚ್ ಹಾಕೋದು ಮರೆತ್ರೆ ಅದೂ ಇಲ್ಲ." ನಾನು ಲಟ್ಟಣಿಗೆ ಕೆಳಗಿಟ್ಟೆ. ಆವತ್ತಿನಿಂದ ಆರಕ್ಕಲ್ಲ, ಐದೂವರೆಗೇ ಹೋಗಿ ಸ್ವಿಚ್ ಹಾಕುತ್ತಿದ್ದೆ. ನೂರಾಎರಡು ಡಿಗ್ರಿ ಜ್ವರ ಬಂದ ದಿನವೂ ಗೋಡೆ ಹಿಡಿದುಕೊಂಡು ಹೋಗಿ ಹಾಕಿ ಬಂದೆ. ಆ ನಾಲ್ಕು ಮಾತಿನ ಗಂಡ ಐದನೆಯದನ್ನು ಆಡಿದರು, "ನಾನು ಹಾಕ್ತೀನಿ ಬಿಡೇ" ಎಂದು. ನಾನು ಬಿಡಲಿಲ್ಲ.

ಕೆಟ್ಟಿದ್ದು ಹಗ್ಗದಿಂದ. ಒಂದು ಭಾನುವಾರ ಸುಗುಣನ ಅತ್ತೆ ಕೇಳಿರಬೇಕು, ನಂಜಕ್ಕ ನಮ್ಮ ಜಗಳದ ಪುರಾಣ ಬಿಚ್ಚಿದಳು. ನಾನು ಕೇಳಿಸಿಕೊಂಡು ನಗುತ್ತಲೇ ಇದ್ದೆ. "ಹಗ್ಗ ತಂದು ಕಟ್ಟಿದ್ದು ನಾನು. ಅವಳು ಆಮೇಲೆ ಬಂದು ಬಟ್ಟೆ ಹಾಕಿದಳು" ಎಂದಳು. ನನ್ನ ಮೈ ಉರಿದುಹೋಯಿತು. ಹಗ್ಗ ತಂದವರು ನಮ್ಮನೆಯವರು, ಏಣಿ ಹತ್ತಿ ಕಟ್ಟಿದವರೂ ಅವರೇ, ಏಣಿ ಹಿಡಿದವಳು ನಾನು. ಹಿಂದೆ ಮುಂದೆ ನೋಡದೆ ಸುಗುಣನಿಗೆ ಫೋನು ಹಚ್ಚಿದೆ.

"ಸುಗುಣ, ನಿಮ್ಮಮ್ಮ ಸುಳ್ಳು ಹೇಳ್ತಿದಾಳೆ ಕಣೆ. ಹಗ್ಗ ಕಟ್ಟಿದ್ದು ನಮ್ಮನೆಯವರು. ನಿಮ್ಮತ್ತೆಗೆ ಸರಿಯಾಗಿ ಹೇಳು" ಎಂದೆ.

ನನ್ನ ಕೂಗು ಫೋನಿನಿಂದಾಚೆ ನಂಜಕ್ಕನ ಕಿವಿಗೂ ಬಿದ್ದಿರಬೇಕು. ಅಷ್ಟರಲ್ಲಿ ನನ್ನ ಎದುರಿಗಿದ್ದ ಸ್ಪೀಕರು ಹೇಳಿತು.

"ಶೀಲಿ. ನೀನು ಕೇಳಿಸ್ಕೊಳ್ತಿದೀಯ?"

ಫೋನಿನಲ್ಲಿ ಏನೋ ತೊದಲಿದೆ. ಸ್ಪೀಕರು ಮತ್ತೆ ಕೇಳಿತು. "ಎಷ್ಟು ದಿನದಿಂದ?"

ನಿಜ ಹೇಳಿಬಿಟ್ಟೆ. ಅದಾದ ಮೇಲೆ ಆ ಕೋಣೆಯಲ್ಲಿ ಒಂದು ಸದ್ದಿಲ್ಲ. ಸೋಮವಾರವೂ ಇಲ್ಲ, ಮಂಗಳವಾರವೂ ಇಲ್ಲ. ಬುಧವಾರ ಸುಗುಣ ಡ್ಯೂಟಿ ಬಿಟ್ಟು ಓಡಿಬಂದಳು. "ಅಮ್ಮ ಕಂಪ್ಯೂಟರ್ ಹತ್ರಾನೇ ಹೋಗ್ತಿಲ್ಲ ಆಂಟಿ. ಪಾಪು ಅಮ್ಮನ ಕೈ ಹಿಡ್ಕೊಂಡು ಎಳ್ದು ಎಳ್ದು ಕೀಬೋರ್ಡ್ ಮೇಲೆ ಇಡ್ತಾಳೆ. ಅಮ್ಮ ಕೈ ವಾಪಸ್ ತಗೋತಾಳೆ. ಮಗು ಎರಡು ದಿನದಿಂದ ಸರಿಯಾಗಿ ಉಂಡಿಲ್ಲ."

ಅದಕ್ಕಿಂತ ನನ್ನ ಕೆನ್ನೆಗೆ ಎರಡು ಬಾರಿಸಿದ್ದರೆ ಚೆನ್ನಾಗಿತ್ತು. ಕದ್ದು ಕೇಳಿಸಿಕೊಂಡವಳು ನಾನು, ದನಿ ಬಿಟ್ಟವಳು ಅವಳು. ಫಣೀಂದ್ರನಿಗೆ ಹೇಳಿ ಕಳಿಸಿದರೆ, ಒಂದು ಕಡೆ ಒತ್ತಿದರೆ ಸ್ಪೀಕರು ಸುಮ್ಮನಾಗುತ್ತದೆ ಆಂಟಿ, ಅಷ್ಟೇ, ಎಂದ. ಅವನು ಒತ್ತಿದ್ದನ್ನು ನಾನು ಮತ್ತೆ ಒತ್ತುವುದಿಲ್ಲ ಎಂದು ಅವಳು ಯಾಕೆ ನಂಬಬೇಕು? ಸ್ಪೀಕರಿನ ಎರಡು ಡಬ್ಬಿಯನ್ನೂ ತಂತಿ ಸಮೇತ ಕಿತ್ತು, ಹಳೇ ದಿಂಬಿನ ಚೀಲದಲ್ಲಿ ಹಾಕಿ ಸುಗುಣನ ಕೈಗೆ ಕೊಟ್ಟೆ. "ಇದನ್ನ ಅವಳ ಮುಂದೆ ಇಡು. ಇನ್ನು ಇಲ್ಲಿ ಕೇಳೋಕೆ ಏನೂ ಇಲ್ಲ ಅಂತ ಹೇಳು. ಸ್ವಿಚ್ ಮಾತ್ರ ಹಾಕ್ತೀನಿ. ಅದನ್ನ ನಂಬ್ಲಿ" ಎಂದೆ.

ಸಂಜೆ ಸುಗುಣ ಫೋನು ಮಾಡಿದಳು. ಅಮ್ಮ ಮಾತಾಡಿದಳು, ಪಾಪು ಊಟ ಮಾಡಿತು ಎಂದಳು. ಊಟ ಅಂದಾಗಲೆಲ್ಲ ಮಗು ಬಾಯಿ ಚೂಪು ಮಾಡಿ ಉಸ್ ಅನ್ನುತ್ತದಂತೆ, ಯಾಕೋ ತಿಳಿಯದು ಎಂದಳು. ನನಗೆ ತಿಳಿಯಿತು, ನಮ್ಮನೆ ಕುಕ್ಕರ್. ಹೇಳಲು ನಾಚಿಕೆಯಾಯಿತು.

ಆಮೇಲೆ ನಾಲ್ಕು ತಿಂಗಳು ನಾನು ಆ ಮನೆಗೆ ಹೋಗಿ ಸ್ವಿಚ್ ಹಾಕಿದೆ, ಬಂದೆ. ಪರದೆಯ ಮೇಲೆ ಅವಳು ಒತ್ತಿದ ಅಕ್ಷರ ಮೂಡುವುದು ಕಾಣುತ್ತಿತ್ತು, ಅದಕ್ಕೊಂದು ಟವೆಲ್ ಹೊದಿಸಿದೆ. ಮಣೆ ಲಟ್ಟಣಿಗೆ ವಾಪಸು ನಮ್ಮ ಅಡುಗೆಮನೆಗೆ ಬಂದವು. ನಡುಗೋಡೆಯಾಚೆ ಒಂದು ಯಂತ್ರ ಓಡುತ್ತಿದೆ, ಅದರೊಳಗೆ ಅವಳು ಬೆಳಗಿಂದ ಸಂಜೆವರೆಗೆ ಮಾತಾಡುತ್ತಿದ್ದಾಳೆ, ನನಗೆ ಮಾತ್ರ ಏನೂ ಕೇಳುವುದಿಲ್ಲ. ಹಗ್ಗ ಪೂರ್ತಿ ನನ್ನದಾಗಿತ್ತು. ಹಾಳಾದ್ದು, ಅರ್ಧಕ್ಕಿಂತ ಆಚೆ ಬಟ್ಟೆ ಹಾಕಲು ಮನಸ್ಸೇ ಬರಲಿಲ್ಲ.

ಕೊನೆಗೊಂದು ದಿನ ಫಣೀಂದ್ರ ಸೇತುವೆ ಮೇಲೆ ಸಿಕ್ಕಿ ಸಂತೋಷದಲ್ಲಿ ಹೇಳಿದ. "ಆಂಟಿ, ಅವರ ವ್ಯವಸ್ಥೆ ಕಲ್ತು ಬರೆದು ಮುಗಿಸ್ದೆ. ಇನ್ನು ನಂಜಕ್ಕನ ಪ್ರೋಗ್ರಾಮು ಪಡುವಲಕೇರೀಲೇ ನೆಟ್ಟಗೆ ಓಡತ್ತೆ. ದುಭಾಷೀನೂ ಬೇಡ, ಕೇಬಲ್ಲೂ ಬೇಡ. ನಿಮಗೂ ದಿನಾ ಎದ್ದು ಸ್ವಿಚ್ ಹಾಕೋ ಕರ್ಮ ತಪ್ತು."

ಒಳ್ಳೆಯದಾಯಿತಪ್ಪ ಎಂದೆ. ಅವಳ ದನಿ ಇನ್ನು ಯಾರ ಕೈಯಲ್ಲೂ ಇಲ್ಲ, ನಾನು ಮರೆತರೂ ಅವಳಿಗೆ ನಷ್ಟವಿಲ್ಲ. ಸಂತೋಷಪಡಬೇಕಾದ ಮಾತು. ಮನೆಗೆ ಬಂದು ಬೀಗದ ಕೈ ತೊಳೆದು ಒರೆಸಿ ಇಟ್ಟೆ, ವಾಪಸು ಕೊಡಬೇಕಲ್ಲ ಎಂದು.

ಎರಡು ದಿನ ಬಿಟ್ಟು ಬೆಳಿಗ್ಗೆ ಹತ್ತರ ಹೊತ್ತಿಗೆ ನಂಜಕ್ಕ ಬಂದಳು. ಕಂಕುಳಲ್ಲಿ ಮಗು, ಕೈಯಲ್ಲಿ ಅದೇ ದಿಂಬಿನ ಚೀಲ. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಮುಖವನ್ನು ಒಂದು ಸಲ ನೋಡಿದಳು, ಮಗುವನ್ನು ನನ್ನ ತೋಳಿಗೆ ತುರುಕಿದಳು, ತನ್ನ ಮನೆಯೊಳಗೆ ಹೋದಳು. ನಾನು ಹಿಂದೆಯೇ ಹೋದೆ. ಕಂಪ್ಯೂಟರು ಓಡುತ್ತಿತ್ತು. ಬೇಡ ಎಂದು ಗೊತ್ತಿದ್ದೂ ಆ ಎರಡು ದಿನ ಸ್ವಿಚ್ ಹಾಕಿಯೇ ಇದ್ದೆ. ಅವಳು ಟವೆಲನ್ನು ನೋಡಿ ಹುಬ್ಬು ಏರಿಸಿದಳು, ಅದನ್ನು ತೆಗೆದು ಮಡಿಸಿಟ್ಟಳು. ಚೀಲದಿಂದ ಸ್ಪೀಕರು ತೆಗೆದು ತಂತಿ ಸಿಕ್ಕಿಸಿದಳು. ನಾನು ಬೀಗದ ಕೈ ಅವಳ ಮುಂದೆ ಚಾಚಿದೆ.

"ತಗೋ ನಂಜಕ್ಕ. ಫಣಿ ಹೇಳ್ದ. ತಪ್ಪಾಯ್ತು ಅಂತ ಮೊದಲೇ ಬಂದು ಹೇಳ್ಬೇಕಿತ್ತು. ಧೈರ್ಯ ಸಾಲ್ಲಿಲ್ಲ" ಎಂದೆ.

ಅವಳು ನನ್ನ ಕೈಯನ್ನು ಬೀಗದ ಕೈ ಸಮೇತ ಮುಚ್ಚಿ ಹಿಂದಕ್ಕೆ ತಳ್ಳಿದಳು. ಕುರ್ಚಿ ಎಳೆದುಕೊಂಡು ಕೂತು ಒತ್ತತೊಡಗಿದಳು. ಈಗ ಎರಡು ಬೆರಳು ಬಂದಿದ್ದವು.

"ಎರಡು ತಿಂಗಳು ಕದ್ದು ಕೇಳಿದ್ದಕ್ಕೆ ಬೈಯೋಣ ಅಂತಾನೇ ಇದ್ದೆ. ಆಮೇಲೆ ನಾಲ್ಕು ತಿಂಗಳು ಅಲ್ಲಿ ಏನು ಮಾತಾಡಿದ್ರೂ ಸಪ್ಪೆ. ಸುಗುಣ ಹ್ಞೂಂ ಅಂತಾಳೆ, ಅಳಿಯಂದ್ರು ಹ್ಞೂಂ ಅಂತಾರೆ. ಯಾರೂ ಎದುರು ಹೇಳಲ್ಲ."

ನಾನು ಮಗುವಿನ ತಲೆ ಸವರುತ್ತ ನಿಂತೆ.

"ಅಲ್ಲಿ ಮಾತಾಡೋಕೆ ನನಗಿನ್ನು ಈ ಕಂಪ್ಯೂಟರ್ ಬೇಕಿಲ್ಲ" ಎಂದಿತು ಅವಳ ದನಿ. "ನಿನ್ನ ಹತ್ರ ಮಾತಾಡೋಕೆ ಬೇಕು. ಕೇಬಲ್ ಹಾಗೇ ಇರ್ಲಿ, ಮಧ್ಯಾಹ್ನ ಪಾಪು ಮಲಗಿದ ಮೇಲೆ ಅಲ್ಲಿಂದ್ಲೇ ಮಾತಾಡ್ತೀನಿ. ಹಪ್ಪಳದ ಮಣೆ ಇಲ್ಲಿಗೇ ತಂದಿಡು. ಸ್ವಿಚ್ ಹಾಕಿಡು."

"ಆಯ್ತು ಕಣಕ್ಕ, ಹಾಕ್ತೀನಿ" ಎಂದೆ. ಮೂಗು ಒರೆಸಿಕೊಂಡೆ. ಆಗ ನನಗೆ ಹೊಳೆಯಿತು. "ಅಲ್ಲ, ನೀನು ಹೇಳೋದು ನನಗೆ ಕೇಳತ್ತೆ ಸರಿ. ನಾನು ಇಲ್ಲಿಂದ ಹೇಳೋದು ನಿನಗೆ ಹೇಗೆ ಕೇಳತ್ತೆ? ಫಣಿಗೆ ಹೇಳಿ ಒಂದು ಮೈಕು ಹಾಕಿಸ್ಬೇಕು."

ನಂಜಕ್ಕ ನನ್ನ ಕಡೆ ತಿರುಗದೆ, ನಿಧಾನವಾಗಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು.

"ಮೈಕು ಯಾಕೆ? ನೀನು ಏನು ಹೇಳ್ತೀಯ ಅಂತ ನನಗೆ ಗೊತ್ತು."